ಅಡಿಕೆ ಅಂಗಳದಿಂದ ಕ್ಷುದ್ರಗ್ರಹದ ಅಳತೆ: ನನ್ನ ಅನುಭವ

ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹ 8 ಇಂಚಿನ ದೂರದರ್ಶಕಕ್ಕೆ ಬರೀ ಚುಕ್ಕಿ. ಅದರ ಗಾತ್ರ ಕಣ್ಣಿಗೆ ಸಿಗುವುದಿಲ್ಲ, ಬೆಳಕಿನಿಂದಲೇ ಲೆಕ್ಕ ಹಾಕಬೇಕು.

ತೀರ್ಥಹಳ್ಳಿ ಕಡೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸುತ್ತ ತೋಟ, ಗುಡ್ಡ ಇರುವುದರಿಂದ 30 ಡಿಗ್ರಿಗಿಂತ ಕೆಳಗಿನ ಆಕಾಶವನ್ನು ಬಿಟ್ಟೇಬಿಡುತ್ತೇನೆ. ಅಡಿಕೆ ಬೇಯಿಸುವ ಒಲೆ ಉರಿಯುವ ರಾತ್ರಿ ಅಳತೆ ಬೇಡ. ಹೊಗೆ ತಗ್ಗಿನಲ್ಲೇ ನಿಲ್ಲುತ್ತದೆ.

1000 ಮಿ.ಮೀ. ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾ ಸೇರಿದರೆ ಒಂದು ಪಿಕ್ಸೆಲ್‌ಗೆ 0.78 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಕ್ಷುದ್ರಗ್ರಹ ನಿಮಿಷಕ್ಕೆ 4 ಆರ್ಕ್‌ಸೆಕೆಂಡ್ ಸರಿಯುತ್ತಿದ್ದರೆ ಒಂದು ಚಿತ್ರಕ್ಕೆ 20 ಸೆಕೆಂಡ್ ಸಾಕು, ಅದಕ್ಕಿಂತ ಹೆಚ್ಚಾದರೆ ಚುಕ್ಕಿ ಗೆರೆಯಾಗುತ್ತದೆ. ಅಂಥ 30 ಚಿತ್ರಗಳನ್ನು ಕ್ಷುದ್ರಗ್ರಹದ ಚಲನೆಗೆ ಹೊಂದಿಸಿ ಒಟ್ಟುಗೂಡಿಸಿ, ಅದೇ ಚೌಕಟ್ಟಿನ ಹತ್ತು ನಕ್ಷತ್ರಗಳ ಜೊತೆ ಹೋಲಿಸುತ್ತೇನೆ. ಹತ್ತೂ ನಕ್ಷತ್ರ ಒಟ್ಟಿಗೆ ಮಂಕಾದರೆ ತೆಳುಮೋಡ ಬಂದಿರಬಹುದು ಅಥವಾ ಕನ್ನಡಿಗೆ ಇಬ್ಬನಿ ಕೂತಿರಬಹುದು; ಇಬ್ಬನಿಯಾದರೆ 12 ವೋಲ್ಟಿನ ಹೀಟರ್ ಪಟ್ಟಿ ಹಾಕಬೇಕು. ಕ್ಷುದ್ರಗ್ರಹ ಒಂದೇ ಮಂಕಾಗಿ ಮತ್ತೆ ಬೆಳಗಿದರೆ ಅದು ಉದ್ದನೆಯ ಕಲ್ಲು, ತಿರುಗುತ್ತಿದೆ. ಒಂದು ಪೂರ್ತಿ ಸುತ್ತಿನ ಸರಾಸರಿಯನ್ನೇ ತೆಗೆದುಕೊಳ್ಳಬೇಕು.

ಒಂದು ಲೆಕ್ಕ ನೋಡಿ. ಕಂಡ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು) 15.2, ಸೂರ್ಯನಿಂದ 1.10, ನಮ್ಮಿಂದ 0.12 ಖಗೋಳಮಾನ ದೂರ (ಭೂಮಿ–ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ). ಹಂತಕೋನ, ಅಂದರೆ ಕ್ಷುದ್ರಗ್ರಹದಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವಿನ ಕೋನ, 30 ಡಿಗ್ರಿ. ಎರಡು ದೂರಗಳ ಗುಣಲಬ್ಧದ ಲಾಗರಿದಮ್ಮಿನ ಐದು ಪಟ್ಟು –4.40. ಓರೆ ಬೆಳಕಿನ ನಷ್ಟ, ಇಳಿಜಾರಿನ ಅಂಕ (ಕೋನ ಹೆಚ್ಚಿದಂತೆ ಕಲ್ಲು ಎಷ್ಟು ಮಂಕಾಗುತ್ತದೆ ಎಂಬುದನ್ನು ಹೇಳುವ ಸಂಖ್ಯೆ) 0.15 ಎಂದಿಟ್ಟರೆ, 1.30. ಎರಡನ್ನೂ ಕಳೆದರೆ ನಿರಪೇಕ್ಷ ಕಾಂತಿಮಾನ ‘ಎಚ್’ 18.3; ಅಂದರೆ ಸೂರ್ಯನಿಂದಲೂ ನಮ್ಮಿಂದಲೂ ಒಂದೊಂದು ಖಗೋಳಮಾನ ದೂರದಲ್ಲಿ, ಪೂರ್ತಿ ಬೆಳಗಿದ್ದರೆ ಇರುವ ಹೊಳಪು. ಹೊಸಬರು ಈ 1.30 ಅನ್ನೇ ಮರೆಯುತ್ತಾರೆ. ಆಗ ವ್ಯಾಸ ಸುಮಾರು ಅರ್ಧಕ್ಕೆ ಇಳಿಯುತ್ತದೆ.

1329 ಅನ್ನು ಆಲ್ಬೆಡೊದ (ಕಲ್ಲು ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬ ಅಂಕದ) ವರ್ಗಮೂಲದಿಂದ ಭಾಗಿಸಿ, 10ರ ಮೈನಸ್ ಎಚ್/5 ಘಾತದಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ವ್ಯಾಸ. ವಾಡಿಕೆಯ 0.14 ಹಾಕಿದರೆ 777 ಮೀಟರ್. ಇದ್ದಿಲಿನಂಥ ಕಪ್ಪು ಕಲ್ಲಾಗಿದ್ದರೆ, ಅಂದರೆ 0.05 ಆದರೆ, 1300; ತಿಳಿ ಬಣ್ಣದ 0.25 ಆದರೆ 580. ಬೆಳಕಿನ ಅಳತೆ 0.1 ತಪ್ಪಿದರೂ ವ್ಯಾಸ ಶೇ 5ರಷ್ಟೇ ಬದಲಾಗುತ್ತದೆ, ಆಲ್ಬೆಡೊ ತಪ್ಪಿದರೆ ಎರಡು ಪಟ್ಟು. ‘ಬೆನ್ನು’ ಎಂಬ ಕ್ಷುದ್ರಗ್ರಹದ ಎಚ್ ಸುಮಾರು 20.6; 0.14 ಹಿಡಿದರೆ 270 ಮೀಟರ್ ಬರುತ್ತದೆ, ನಿಜವಾದ ವ್ಯಾಸ 490. ಅದು ಅಷ್ಟು ಕಪ್ಪು! ಹಾಗಾಗಿ ನಾನು ಒಂದೇ ಸಂಖ್ಯೆ ಬರೆಯುವುದಿಲ್ಲ, ಎರಡು ತುದಿಗಳನ್ನೂ ಬರೆಯುತ್ತೇನೆ. ಸಾಧ್ಯವಾದಾಗ ಎರಡು ಫಿಲ್ಟರ್‌ಗಳಲ್ಲಿ ಬಣ್ಣ ನೋಡುತ್ತೇನೆ: ಕೆಂಪು ಹೆಚ್ಚಿದ್ದರೆ ಸಾಮಾನ್ಯವಾಗಿ ತಿಳಿ ಕಲ್ಲು.

ಭೂಮಿಯ ಹತ್ತಿರ ಬರುವ ಇಂಥ ಕಲ್ಲುಗಳು ಒಟ್ಟು ಎಷ್ಟಿವೆ ಎಂಬ ಲೆಕ್ಕಕ್ಕೆ ಭದ್ರಾ ಕಾಡಿನ ಹುಲಿ ಎಣಿಕೆಯ ಉಪಾಯವೇ ಸಾಕು. ಕ್ಯಾಮೆರಾಕ್ಕೆ ಸಿಕ್ಕ ಹುಲಿಗಳಲ್ಲಿ ಪಟ್ಟೆ ನೋಡಿ ಗುರುತು ಹಿಡಿದವು ಎಷ್ಟು, ಹೊಸವು ಎಷ್ಟು ಎಂದು ನೋಡುತ್ತಾರಲ್ಲ, ಹಾಗೆ. ಒಂದು ಎಚ್ ಗುಂಪಿನಲ್ಲಿ ಸಮೀಕ್ಷೆಗೆ ಸಿಕ್ಕ 100ರಲ್ಲಿ 80 ಮೊದಲೇ ಪಟ್ಟಿಯಲ್ಲಿದ್ದರೆ, ಆ ಗುಂಪಿನ ಶೇ 80 ಪತ್ತೆಯಾಗಿದೆ ಎಂದು ಎಣಿಸಬಹುದು. ಗುಂಪಿನ ಅಗಲ ಅರ್ಧ ಕಾಂತಿಮಾನ ಇಡುತ್ತೇನೆ. ಎಲ್ಲವನ್ನೂ ಬೆರೆಸಿದರೆ ಸುಲಭವಾಗಿ ಕಾಣುವ ದೊಡ್ಡವು ಲೆಕ್ಕವನ್ನು ಎಳೆದುಬಿಡುತ್ತವೆ. ಒಂದು ಕಿಲೋಮೀಟರಿಗಿಂತ ದೊಡ್ಡವು ಹೆಚ್ಚುಕಡಿಮೆ ಎಲ್ಲ ಸಿಕ್ಕಿವೆ. 140 ಮೀಟರಿಗಿಂತ ದೊಡ್ಡವು ಸುಮಾರು 25,000 ಎಂಬ ಅಂದಾಜಿದೆ, ಅರ್ಧದಷ್ಟೂ ಸಿಕ್ಕಿಲ್ಲ.

ಆದರೂ ಈ ಉಪಾಯ ಒಟ್ಟು ಸಂಖ್ಯೆಯನ್ನು ಕಡಿಮೆಯಾಗಿಯೇ ತೋರಿಸುತ್ತದೆ. ಸೂರ್ಯನನ್ನು ಸುತ್ತಲು ನಮ್ಮಷ್ಟೇ, ಒಂದು ವರ್ಷದ ಹತ್ತಿರ, ಸಮಯ ತೆಗೆದುಕೊಳ್ಳುವ ಕಲ್ಲು ದಶಕಗಳ ಕಾಲ ಸೂರ್ಯನ ಬದಿಯಲ್ಲೇ ಉಳಿಯಬಹುದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ, ಸುಮಾರು 20 ಮೀಟರಿನ ಕಲ್ಲು ಬಂದದ್ದೂ ಸೂರ್ಯನ ದಿಕ್ಕಿನಿಂದಲೇ. ರಾತ್ರಿ ನೋಡುವ ಯಾವ ದೂರದರ್ಶಕವೂ ಅದನ್ನು ಮೊದಲು ಕಂಡಿರಲಿಲ್ಲ.