ವಿಷ್ಣುಕ್ರಾಂತಿ: ಗುರುತು ಹಿಡಿಯೋದು ಹೇಗೆ, ಬೆಳೆಸೋದು ಹೇಗೆ

ವಿಷ್ಣುಕ್ರಾಂತಿ ಅನ್ನೋ ಪುಟ್ಟ ಕಾಡುಗಿಡ ನೋಡಬೇಕಾದರೆ ಬೆಳಗ್ಗೆ ಹೋಗಿ. ಊಟ ಮುಗಿಸಿ ನಿಧಾನಕ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಹೊರಟರೆ ಗಿಡ ಕಾಲ ಕೆಳಗೇ ಇದ್ದರೂ ಕಾಣುವುದಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಹೂವು ಮುದುಡಿರುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹುಡುಕಬೇಡಿ. ಗರಸು ನೆಲ, ಕುರಿ ಮೇಯ್ದು ಹುಲ್ಲು ಗಿಡ್ಡವಾದ ಜಾಗ ನೋಡಿ.

ಸಿಕ್ಕರೆ ಕುಕ್ಕರುಗಾಲಲ್ಲಿ ಕೂತುಬಿಡಿ. ಒಂದೇ ಬುಡದಿಂದ ದಾರದಂಥ ಕಾಂಡಗಳು ಸುತ್ತಲೂ ನೆಲಕ್ಕೆ ಹರಡಿರುತ್ತವೆ. ಗೆಣಸಿನ ಕುಟುಂಬದ್ದೇ ಆದರೂ ಇದು ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಗುಂಪಿಗೆ ಇವಾಲ್ವುಲಸ್ ಅನ್ನೋ ಹೆಸರು ಬಂದದ್ದೂ ಅದಕ್ಕೇ: ಲ್ಯಾಟಿನ್‌ನಲ್ಲಿ ಸುರುಳಿ ಬಿಚ್ಚೋದು ಅನ್ನೋ ಅರ್ಥದ ಪದದಿಂದ ಬಂದದ್ದು. ಎಲೆ, ಕಾಂಡದ ಮೇಲೆಲ್ಲ ರೇಷ್ಮೆಯಂಥ ಕೂದಲು. ಹೂವು ಅಂಗಿ ಗುಂಡಿಯಷ್ಟು, ತಿಳಿನೀಲಿ, ನಡುವೆ ಬಿಳಿ. ಮೊಬೈಲಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ: ನಡುವಿನ ಎರಡು ಶಲಾಕೆಗಳು (ಹೂವಿನ ಹೆಣ್ಣು ಭಾಗದ ಎಳೆಗಳು) ಮತ್ತೆ ಒಂದೊಂದೂ ಎರಡಾಗಿ ಸೀಳಿ ನಾಲ್ಕು ತುದಿ ಆಗಿರುತ್ತವೆ. ಇದು ಕಂಡರೆ ಇವಾಲ್ವುಲಸ್ ಗುಂಪಿನದೇ, ಅನುಮಾನ ಬೇಡ.

ಶಂಖಪುಷ್ಪಕ್ಕೂ ಕೆಲವರು ವಿಷ್ಣುಕ್ರಾಂತಿ ಅಂತಾರೆ. ಅದು ಅವರೆಯಂತೆ ಉದ್ದ ಕಾಯಿ ಬಿಡೋ ಬಳ್ಳಿ, ಬೇರೆಯೇ. ನರ್ಸರಿಯೊಂದರಲ್ಲಿ ನನಗೆ ವಿಷ್ಣುಕ್ರಾಂತಿ ಅಂತಲೇ ಹೇಳಿ ಬ್ರೆಜಿಲ್ ಮೂಲದ ಗಿಡ ಕೊಟ್ಟಿದ್ದರು. ಚೆಂದ ಇತ್ತು, ಸುಳ್ಳಲ್ಲ. ಆದರೆ ಅದರ ಹೂವು ದೊಡ್ಡದು, ಕಾಂಡದ ತುದಿಗೆ ಗುಂಪಾಗಿ ಅಂಟಿದಂತೆ ಇರುತ್ತದೆ. ನಮ್ಮದರಲ್ಲಿ ಕೂದಲೆಳೆಯಂಥ ಉದ್ದ ತೊಟ್ಟು.

ಬೆಳೆಸಬೇಕಾ? ಬುಡಸಮೇತ ಕೀಳಬೇಡಿ. ಬೇರು ಕಟ್ಟಿಗೆಯಂತಿರುತ್ತದೆ, ಕಿತ್ತು ತಂದದ್ದು ನನ್ನ ಕೈಲಿ ಒಂದೂ ಬದುಕಲಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿ ನೋಡಿ ಬರೋದಷ್ಟೇ. ಬೀಜಕ್ಕೆ ನಿಮ್ಮ ಹೊಲದ ಬದುವೋ ಖಾಲಿ ಪ್ಲಾಟೋ ಸಾಕು. ತೊಟ್ಟು ಬಾಗಿ, ಪುಟ್ಟ ದುಂಡನೆ ಕಾಯಿ ಒಣಗಿದಾಗ ಬಿಡಿಸಿದರೆ ಹೆಚ್ಚೆಂದರೆ ನಾಲ್ಕು ಬೀಜ. ಸಿಪ್ಪೆ ಗಟ್ಟಿ. ಮರಳು ಕಾಗದದ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿ ನೆನೆಹಾಕಿ, ಮಸಾರಿ (ಕೆಂಪು) ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ತೆಳ್ಳಗೆ ಊರಿ. ಮೊದಲ ವರ್ಷ ನಾನು ಎರೆ ಮಣ್ಣು ತುಂಬಿದ್ದೆ, ಧಾರವಾಡದ ಜಿಟಿಜಿಟಿ ಮಳೆಗೆ ಎಲ್ಲ ಕೊಳೆತುಹೋಯಿತು. ಗೊಬ್ಬರ ಜಾಸ್ತಿ ಬೇಡ, ಬಿಸಿಲು ಮಾತ್ರ ಪೂರ್ತಿ ಬೇಕು.

ಬೇಸಿಗೆಯಲ್ಲಿ ಒಣಗಿದಂತೆ ಕಂಡರೆ ಕುಂಡ ಖಾಲಿ ಮಾಡಬೇಡಿ. ಸತ್ತಿತು ಅಂತ ನಾನು ಹಿತ್ತಲಿಗೆ ಚೆಲ್ಲಿದ್ದ ಮಣ್ಣಿನಲ್ಲೇ ಜೂನ್ ಮಳೆಗೆ ಬುಡ ಚಿಗುರಿತು. ಈಗ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಅದೇ ಹೂ ಬಿಡ್ತಿದೆ, ಕುಂಡ ಖಾಲಿ.