ಫಾಸ್ಫೇಟ್ ಬಫರ್‌ನಲ್ಲಿ ಕಳೆದ ಏಳು ತಿಂಗಳು

ಪಿಎಚ್‌ಡಿಗೆ ಸೇರಿದಾಗ ನನ್ನ ಪಾಲಿಗೆ ಬಂದ ಕಿಣ್ವ ಆಲ್ಕಲೈನ್ ಫಾಸ್ಫಟೇಸ್, ಇ. ಕೋಲಿ ಬ್ಯಾಕ್ಟೀರಿಯಾದ್ದು. ಬೇರೆ ಅಣುಗಳಿಗೆ ಅಂಟಿಕೊಂಡ ಫಾಸ್ಫೇಟನ್ನು ಬಿಡಿಸುವುದು ಇದರ ಕೆಲಸ. ಕಿಣ್ವ ಇಲ್ಲದೆ ಸುಮ್ನೆ ನೀರಲ್ಲಿ ಬಿಟ್ಟರೆ, ಇಂಥ ಅಣುಗಳಲ್ಲಿ ಅರ್ಧದಷ್ಟು ಒಡೆಯಲು ಸುಮಾರು ಒಂದು ಲಕ್ಷ ಕೋಟಿ ವರ್ಷ ಬೇಕು. ವಿಶ್ವಕ್ಕೇ ಆಗಿರುವ ವಯಸ್ಸು 1,380 ಕೋಟಿ ವರ್ಷ! ಈ ಕಿಣ್ವದ ಒಂದೊಂದು ಅಣು ಸೆಕೆಂಡಿಗೆ ಹತ್ತಾರು ಸಲ ಆ ಕೆಲಸ ಮಾಡಿ ಮುಗಿಸುತ್ತದೆ. ಈ ಲೆಕ್ಕ ಓದಿದ ಮೇಲೆ ಬೇರೆ ವಿಷಯ ಹುಡುಕುವ ಮನಸ್ಸೇ ಬರಲಿಲ್ಲ.

ಅಳೆಯುವುದು ಸುಲಭ. ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಅನ್ನುವ ಬಣ್ಣವಿಲ್ಲದ ವಸ್ತುವಿಗೆ ಕಿಣ್ವ ಹಾಕಬೇಕು. ಫಾಸ್ಫೇಟ್ ಬಿಟ್ಟುಕೊಂಡ ಹಾಗೆಲ್ಲ ದ್ರಾವಣ ಹಳದಿಯಾಗುತ್ತದೆ. ಬಣ್ಣ ಎಷ್ಟು ಗಾಢ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರನ್ನು 410 ನ್ಯಾನೋಮೀಟರ್ ಬೆಳಕಿಗೆ ಇಟ್ಟು, ಆ ಹಳದಿ ಎಷ್ಟು ಬೇಗ ಏರುತ್ತದೆ ಅಂತ ನೋಡುವುದು. ಮೊದಲ ಅರ್ಧ ನಿಮಿಷದ ಗೆರೆ ಮಾತ್ರ ಲೆಕ್ಕಕ್ಕೆ. ಶುರುವಿನಲ್ಲಿ ನಾನು ಕಿಣ್ವ ಜಾಸ್ತಿ ಹಾಕಿಬಿಡುತ್ತಿದ್ದೆ. ಮುಚ್ಚಳ ಮುಚ್ಚುವಷ್ಟರಲ್ಲಿ ಎಲ್ಲ ಮುಗಿದು ಗೆರೆ ಚಪ್ಪಟೆಯಾಗಿ ಕಾಣುತ್ತಿತ್ತು. ಕಿಣ್ವ ಸತ್ತಿದೆ ಅಂದುಕೊಂಡು ಇನ್ನೂ ಒಂದಿಷ್ಟು ಹಾಕುತ್ತಿದ್ದೆ!

ಅದು ಬೇಗ ಸರಿಹೋಯಿತು. ನಿಜವಾಗಿ ಕಾಡಿದ್ದು ಕೆಎಂ. ಕಿಣ್ವ ತನ್ನ ಗರಿಷ್ಠ ವೇಗದ ಅರ್ಧಕ್ಕೆ ಬರಲು ಎಷ್ಟು ಸಬ್‌ಸ್ಟ್ರೇಟ್ (ಕಿಣ್ವ ಒಡೆಯುವ ವಸ್ತು) ಬೇಕು ಅನ್ನುವ ಅಳತೆ ಅದು. 1913ರಲ್ಲಿ ಲಿಯೊನೋರ್ ಮೈಕೆಲಿಸ್ ಮತ್ತು ಮಾಡ್ ಮೆಂಟನ್ ಕೊಟ್ಟ ಸಮೀಕರಣದಿಂದ ಬಂದದ್ದು. (ಇದೇ ಮೆಂಟನ್ 1944ರಲ್ಲಿ ಮೂತ್ರಪಿಂಡದ ಅಂಗಾಂಶದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಲ್ಲೆಲ್ಲಿದೆ ಅಂತ ಬಣ್ಣದಿಂದ ತೋರಿಸುವ ವಿಧಾನವನ್ನೂ ಕೊಟ್ಟರು. ನನಗೆ ತುಂಬಾ ಇಷ್ಟವಾದ ವಿಜ್ಞಾನಿ.) ನನ್ನ ಗರಿಷ್ಠ ವೇಗ ಬೇರೆಯವರ ಲೇಖನಗಳಿಗೆ ಹೊಂದುತ್ತಿತ್ತು. ಕೆಎಂ ಮಾತ್ರ ಹತ್ತಾರು ಪಟ್ಟು ಜಾಸ್ತಿ. ಏಳು ತಿಂಗಳು ಮತ್ತೆ ಮತ್ತೆ ಕಿಣ್ವ ಶುದ್ಧ ಮಾಡಿದೆ. ಪ್ರತಿ ಸಲವೂ ಕೊನೆಗೆ ಡಯಾಲಿಸಿಸ್, ಅಂದರೆ ಕಿಣ್ವವನ್ನು ತೆಳು ಪೊರೆಯ ಚೀಲದಲ್ಲಿ ಹಾಕಿ ಬಫರ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ದ್ರಾವಣ) ಮುಳುಗಿಸಿ ಇಡುವುದು. ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಒಂದೇ ಬ್ಯಾಂಡ್, ಕಲಬೆರಕೆ ಇಲ್ಲ. ಆದರೂ ಅದೇ ಉತ್ತರ.

ಒಂದು ಸಂಜೆ ಗೈಡ್ ಮೇಡಂ ನನ್ನ ನೋಟ್‌ಬುಕ್ ತಿರುವಿ ಕೇಳಿದರು: "ಡಯಾಲಿಸಿಸ್ ಯಾವ ಬಫರ್‌ನಲ್ಲಿ ಮಾಡಿದ್ದಪ್ಪಾ?"

"ಫಾಸ್ಫೇಟ್, ಮೇಡಂ. ಎಲ್ಲ ಪ್ರೋಟೀನಿಗೂ ಅದೇ ಅಲ್ವಾ?"

ಹೇಳುತ್ತಿರುವಾಗಲೇ ಗೊತ್ತಾಯಿತು. ಈ ಕಿಣ್ವ ಕತ್ತರಿಸಿ ಹೊರಹಾಕುವುದೇ ಫಾಸ್ಫೇಟ್. ಅದು ಬಂದು ಅದೇ ಜಾಗದಲ್ಲಿ ಕೂತರೆ ಸಬ್‌ಸ್ಟ್ರೇಟಿಗೆ ಎಡೆ ಎಲ್ಲಿ? ಬಸ್ಸಿನ ಸೀಟಿಗೆ ಯಾರೋ ಟವೆಲ್ ಹಾಕಿ ಹಿಡಿದ ಹಾಗೆ. ಸಬ್‌ಸ್ಟ್ರೇಟ್ ಹೆಚ್ಚು ಸುರಿದರೆ ನೂಕಿಕೊಂಡು ಜಾಗ ಹಿಡಿಯುತ್ತದೆ, ಅದಕ್ಕೇ ಗರಿಷ್ಠ ವೇಗ ಸರಿ ಇತ್ತು. ನನ್ನ ಬಫರ್‌ನಲ್ಲಿ ಫಾಸ್ಫೇಟಿನ ಸಾಂದ್ರತೆ 50 ಮಿಲಿಮೋಲಾರ್. ಅಳೆಯುವಾಗ ನೂರು ಪಟ್ಟು ತೆಳು ಮಾಡಿದರೂ ಅರ್ಧ ಮಿಲಿಮೋಲಾರ್ ಉಳಿಯುತ್ತದೆ. ಈ ಕಿಣ್ವವನ್ನು ತಡೆಯಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಇನ್ನೊಂದು ಮಾತು. ಫಾಸ್ಫೇಟ್ ಸಿಗದೆ ಹಸಿದಾಗಲೇ ಇ. ಕೋಲಿ ಈ ಕಿಣ್ವವನ್ನು ಹೇರಳವಾಗಿ ತಯಾರಿಸುವುದು. ಅದಕ್ಕೆಂದೇ ನಾನು ಫಾಸ್ಫೇಟ್ ಕಡಿಮೆ ಇರುವ ಮಾಧ್ಯಮದಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೆ. ಆಮೇಲೆ ಫಾಸ್ಫೇಟಿನಲ್ಲೇ ಮುಳುಗಿಸಿ ಇಡುತ್ತಿದ್ದೆ.

ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್‌ಗೆ ಬದಲಾಯಿಸಿ, ಮೂರು ಸಲ ಬಫರ್ ಬದಲಿಸಿ ಡಯಾಲಿಸಿಸ್ ಮಾಡಿದೆ. ಕೆಎಂ ಇಳಿಯಿತು. ವೇಗ ಮಾತ್ರ ಸ್ವಲ್ಪ ಏರಿತ್ತು. ಟ್ರಿಸ್ ತಾನೇ ಕಿಣ್ವದ ಕೈಯಿಂದ ಫಾಸ್ಫೇಟನ್ನು ಪಡೆದುಕೊಂಡು ಜಾಗ ಬೇಗ ಖಾಲಿ ಮಾಡುತ್ತದೆ, ಅದಕ್ಕೆ. ಅಂದರೆ ಬಫರ್ ಸುಮ್ಮನೆ ನಿಂತು ನೋಡುವ ನೀರಲ್ಲ. ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಹಾಕಿದರೆ ಇನ್ನೂ ಕಷ್ಟ. ಈ ಕಿಣ್ವದ ಕೆಲಸದ ಜಾಗದಲ್ಲಿ ಎರಡು ಸತು, ಒಂದು ಮೆಗ್ನೀಸಿಯಂ ಇವೆ. ಇಡಿಟಿಎ ಅವನ್ನು ಕಿತ್ತುಕೊಳ್ಳುತ್ತದೆ.

ಮುಂದಿನ ವರ್ಷಗಳ ನನ್ನ ಕೆಲಸವೆಲ್ಲ ಒಂದು ಅಮೈನೋ ಆಮ್ಲದ ಸುತ್ತ: ಕಿಣ್ವದ ಸರಪಳಿಯಲ್ಲಿ 102ನೇ ಜಾಗದ ಸೀರಿನ್. ಫಾಸ್ಫೇಟನ್ನು ಮೊದಲು ಕೈಗೆ ತೆಗೆದುಕೊಳ್ಳುವುದು ಅದೇ. ಅದರ ಜಾಗದಲ್ಲಿ ಅಲನಿನ್ ಅನ್ನುವ ಬೇರೆ ಅಮೈನೋ ಆಮ್ಲ ಇಟ್ಟರೆ ಕಿಣ್ವ ಪೂರ್ತಿ ನಿಲ್ಲಬೇಕು ಅನ್ನಿಸುತ್ತದೆ ಅಲ್ವಾ? ನಿಲ್ಲುವುದಿಲ್ಲ ಅಂತ ಬೇರೆಯವರು ಆಗಲೇ ಬರೆದಿದ್ದರು. ನನಗೆ ನನ್ನ ಕಣ್ಣಲ್ಲೇ ನೋಡಬೇಕಿತ್ತು. ಬ್ಯಾಕ್ಟೀರಿಯಾದ ಸ್ವಂತ ಕಿಣ್ವ ಬೆರೆತು ಮೋಸವಾಗಬಾರದೆಂದು, ಆ ಕಿಣ್ವದ ಜೀನ್ ತೆಗೆದುಹಾಕಿದ ತಳಿಯಲ್ಲೇ ತಯಾರಿಸಿದೆ. ಬಫರ್ ಲೇಬಲ್ ಎರಡು ಸಲ ಓದಿದೆ. ಗೆರೆ ನೂರಾರು ಪಟ್ಟು ನಿಧಾನವಾಗಿ, ಆದರೆ ಖಂಡಿತವಾಗಿ ಏರುತ್ತಿತ್ತು. ಸೀರಿನ್ ಇಲ್ಲದಿದ್ದಾಗ ಸತುವಿಗೆ ಅಂಟಿದ ನೀರೇ ಆ ಕೆಲಸ ಮಾಡುತ್ತಿತ್ತು. ಪುಟ್ಟ ಕುವೆಟ್‌ನಲ್ಲಿದ್ದ ದ್ರಾವಣ ತಿಳಿ ಹಳದಿಯಾಗುವವರೆಗೂ ಅಲ್ಲೇ ನಿಂತು ನೋಡಿದೆ.