ಗುಡ್ಡೆ ಬಾಡಿನ ಪಕ್ಕೆ ತುಂಡು

ನಮ್ಮೂರು ಮದ್ದೂರಿನ ಹತ್ತಿರ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮ ಬೀದಿಯ ಹತ್ತು ಹನ್ನೆರಡು ಮನೆಯವರು ಸೇರಿ ಕುರಿ ಕೊಯ್ಯಿಸುತ್ತಿದ್ದರು. ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ ದುಡ್ಡು ಅದು. ನಸುಕಿನಲ್ಲೇ ಕೆಲಸ ಶುರುವಾಗಿ, ಬೆಳಕು ಹರಿಯುವ ಹೊತ್ತಿಗೆ ತೆಂಗಿನ ಗರಿಯ ಮೇಲೆ ಸಾಲಾಗಿ ಗುಡ್ಡೆಗಳು ಬಿದ್ದಿರುತ್ತಿದ್ದವು. ತಕ್ಕಡಿ ಇಲ್ಲ, ಎಲ್ಲ ಕಣ್ಣಳತೆ. ಪ್ರತಿ ಗುಡ್ಡೆಗೂ ತೊಡೆಯದು ಒಂದಿಷ್ಟು, ಕತ್ತಿನದು ಒಂದಿಷ್ಟು, ಎದೆ, ಪಕ್ಕೆ, ಎರಡು ತುಂಡು ಲಿವರ್, ಒಂದು ಹಿಡಿ ಬೋಟಿ. ಹಿರಿಯರೊಬ್ಬರು ಸಾಲಿನ ಸುತ್ತ ಎರಡು ಸಲ ನಡೆದು, ಇಲ್ಲಿಂದ ಒಂದು ತುಂಡು ತೆಗೆದು ಅಲ್ಲಿ ಹಾಕಿ "ಈಗ ಎತ್ಕಳಿ" ಅಂದ ಮೇಲೇ ಯಾರಾದರೂ ಗುಡ್ಡೆ ಮುಟ್ಟುತ್ತಿದ್ದದ್ದು.

ಹೀಗೆ ಬೆಳೆದವನಿಗೆ ಬಾಡು ಅಂದರೆ ಒಂದೇ ಪದಾರ್ಥ. ಅದರಲ್ಲಿ ಬೇರೆ ಬೇರೆ ಭಾಗ ಇದೆ, ಒಂದೊಂದಕ್ಕೆ ಒಂದೊಂದು ಬೇಯುವ ಹೊತ್ತಿದೆ ಅನ್ನುವುದು ಗೊತ್ತಿದ್ದದ್ದು ನಮ್ಮಜ್ಜಿಗೆ ಮಾತ್ರ. ಗುಡ್ಡೆ ಮನೆಗೆ ಬಂದ ತಕ್ಷಣ ಮೊರದ ಮೇಲೆ ಸುರಿದು ವಿಂಗಡಿಸುತ್ತಿದ್ದಳು. ಲಿವರ್ ಮಕ್ಕಳಿಗೆ, ಕೆಂಡದ ಮೇಲೆ. ಮೆತ್ತನೆಯ ತೊಡೆ ತುಂಡು ಹುರಿಯುವುದಕ್ಕೆ. ಕತ್ತು, ಪಕ್ಕೆ, ಮೂಳೆಯೆಲ್ಲ ಎಸರಿನ ಮಡಕೆಗೆ, ಎಲ್ಲಕ್ಕಿಂತ ಮೊದಲು. "ಮೂಳೆ ಮುಂಚೆ ಬೇಯ್ಬೇಕು ಕಣ್ಲಾ, ರುಚಿ ಬಿಡೋದು ಅದೇಯ" ಅನ್ನುತ್ತಿದ್ದಳು. ಆ ಮಾತು ಎಷ್ಟು ದೂರ ಹೋಗುತ್ತೆ ಅಂತ ತಿಳಿಯೋದಕ್ಕೆ ನಾನು ಅರ್ಧ ದೇಶ ತಿರುಗಬೇಕಾಯಿತು.

ನನ್ನ ಕೆಲಸ ಆಫ್‌ಸೆಟ್ ಪ್ರಿಂಟಿಂಗ್ ಮಷೀನುಗಳ ಸರ್ವಿಸು. ಕೊಲ್ಲಾಪುರ, ಶಿವಕಾಶಿ, ದೆಹಲಿ, ಲಖನೌ, ಶ್ರೀನಗರ, ಎಲ್ಲಿ ಮಷೀನು ನಿಂತರೆ ಅಲ್ಲಿಗೆ. ಹಗಲೆಲ್ಲ ರೋಲರು, ಬೇರಿಂಗು. ಸಂಜೆ ಕೈಯಿಂದ ಗ್ರೀಸು ಹೋಗುವ ತನಕ ತೊಳೆದುಕೊಂಡು, ಪ್ರೆಸ್ಸಿನ ಹುಡುಗರನ್ನು "ಇಲ್ಲಿ ಬಾಡೂಟ ಎಲ್ಲಿ ಚೆನ್ನಾಗಿರುತ್ತೆ?" ಅಂತ ಕೇಳುವುದು ಅಭ್ಯಾಸವಾಯಿತು. ಲಾಡ್ಜಿನವರನ್ನು ಕೇಳಿದರೆ ದೊಡ್ಡ ಬೋರ್ಡಿನ ಹೋಟೆಲು ತೋರಿಸುತ್ತಾರೆ. ಪ್ರೆಸ್ಸಿನವರು ತಾವು ಉಣ್ಣುವ ಕಡೆಗೇ ಕರೆದುಕೊಂಡು ಹೋಗುತ್ತಾರೆ.

ಕೊಲ್ಲಾಪುರದಲ್ಲಿ ಹಾಗೇ ಆಯಿತು. ಒಂದು ಖಾನಾವಳಿ, ಎಂಟೇ ಮೇಜು. ತಟ್ಟೆಯಲ್ಲಿ ಸುಕ್ಕಾ ಮಟನ್, ಪಕ್ಕದಲ್ಲಿ ಎರಡು ಬಟ್ಟಲು: ಕೆಂಪಗಿನ ತಾಂಬಡಾ ರಸ್ಸಾ, ಬೆಳ್ಳಗಿನ ಪಾಂಢರಾ ರಸ್ಸಾ. ಕೆಂಪಿನದು ಕಿವಿ ಬಿಸಿ ಮಾಡಿತು. ಬಿಳಿಯದನ್ನು ಕುಡಿದು ನಾನು ಚಮಚ ಕೆಳಗಿಟ್ಟೆ. ತೆಂಗಿನ ಹಾಲು, ಗಸಗಸೆ, ಗೋಡಂಬಿ ಎಲ್ಲ ಇತ್ತು; ಅದರ ಕೆಳಗೆ ಮಾತ್ರ ನಮ್ಮಜ್ಜಿಯ ಮಡಕೆಯ ರುಚಿ. ಒಳಗಿದ್ದ ಅಕ್ಕನನ್ನು ಕೇಳಿದೆ. ಬೆಳಗಾವಿ ಕಡೆ ನೆಂಟಸ್ತನ ಇದ್ದದ್ದರಿಂದ ಆಕೆಗೆ ಕನ್ನಡ ಬರುತ್ತಿತ್ತು. ಮಸಾಲೆ ಮುಟ್ಟಿಸುವ ಮೊದಲು ಮೂಳೆ ಸಮೇತ ಬಾಡನ್ನು ಬೇಯಿಸಿ ತೆಗೆದ ನೀರು, ಅವರು ಅಳಣಿ ಅನ್ನುತ್ತಾರೆ, ಅದೇ ಎರಡೂ ರಸ್ಸಾಕ್ಕೂ ತಾಯಿಬೇರು. ಬಾಡು ಸುಕ್ಕಾಗೆ ಹೋಗುತ್ತೆ, ನೀರು ಎರಡು ದಾರಿ ಹಿಡಿಯುತ್ತೆ. "ತೊಡೆ ಬಾಡಷ್ಟೇ ತಂದರೆ ಅಳಣಿ ಬರೀ ನೀರು. ಕತ್ತು, ಪಕ್ಕೆ ಇರ್ಬೇಕ್ರಿ" ಅಂದರು. ಅವತ್ತಿನಿಂದ ಯಾವ ಊರಿಗೆ ಹೋದರೂ ಏನಿದೆ ಅಂತ ಕೇಳುವ ಮೊದಲು ಇದು ಯಾವ ಭಾಗದ ಬಾಡು ಅಂತ ಕೇಳಲು ಶುರುಮಾಡಿದೆ.

ಕೇಳದೆ ತಿಂದು ಕೆಟ್ಟದ್ದೂ ಇದೆ. ಒಂದು ಬಸ್‌ಸ್ಟ್ಯಾಂಡಿನ ಎದುರು, ರಾತ್ರಿ ಹತ್ತೂವರೆಗೆ, ಮಟನ್ ಮಸಾಲೆ ಅಂತ ಬಂದದ್ದು ಬರೀ ತೊಡೆಯ ತುಂಡು, ಬೆಳಗಿನಿಂದ ಮೂರು ಸಲ ಬಿಸಿ ಕಂಡದ್ದು. ನೂಲು ನೂಲಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ನೆಣ ಕಡಿಮೆ ಇರುವ ಭಾಗ ಬೆಂದ ಹೊತ್ತಿಗೇ ತಿನ್ನಬೇಕು, ಮತ್ತೆ ಮತ್ತೆ ಕಾಯಿಸಿದರೆ ಅದರ ರಸವೆಲ್ಲ ಹೊರಗೆ ಬಂದುಬಿಡುತ್ತೆ. ಈಗ ಹೊತ್ತು ಮೀರಿ ಊರು ತಲುಪಿದರೆ ಕಾಲು ಸೂಪು, ಬೋಟಿ, ತಲೆಮಾಂಸ ಇದೆಯಾ ಕೇಳುತ್ತೇನೆ. ಒಲೆಯ ಮೇಲೆ ಹೆಚ್ಚು ಹೊತ್ತು ಇದ್ದಷ್ಟೂ ಅವು ಒಳ್ಳೆಯದಾಗುತ್ತವೆ.

ಶಿವಕಾಶಿಗೆ ಹೋದಾಗೆಲ್ಲ ವಾಪಸ್ ಬರುವಾಗ ಮಧುರೆಯಲ್ಲಿ ಇಳಿಯುತ್ತಿದ್ದೆ, ಸಿಮ್ಮಕ್ಕಲ್‌ನ ಕೋನಾರ್ ಮೆಸ್ಸಿನ ಕರಿದೋಸೆಗೆ. ದಪ್ಪ ದೋಸೆ, ಮೇಲೆ ಮೊಟ್ಟೆ, ಅದರ ಮೇಲೆ ಸಣ್ಣಗೆ ಕೊಚ್ಚಿದ ಮಟನ್, ಮಗುಚಿ ಹಾಕಿ ಬೇಯಿಸಿದ್ದು. ಒಂದಕ್ಕೇ ಹೊಟ್ಟೆ ತುಂಬುತ್ತೆ. ಲಖನೌದ ಗಲೌಟಿ ಕಬಾಬನ್ನೂ ತಿಂದೆ, ಚೌಕದ ಟುಂಡೇ ಕಬಾಬಿಯಲ್ಲಿ. ನಾಲಿಗೆಗೆ ಇಟ್ಟರೆ ಕರಗುತ್ತೆ, ಕೈಚಳಕಕ್ಕೆ ನಮಸ್ಕಾರ. ಆದರೆ ನನಗೆ ಹಲ್ಲಿಗೆ ಕೆಲಸ ಬೇಕು, ಕೈಗೆ ಮೂಳೆ ಬೇಕು.

ದೆಹಲಿಯ ಚಳಿಯಲ್ಲಿ ಅದು ಸಿಕ್ಕಿತು. ಜಾಮಾ ಮಸೀದಿಯ ಪಕ್ಕದ ಗಲಿ ಕಬಾಬಿಯಾನ್‌ನಲ್ಲಿ 1913ರಿಂದ ನಡೆಯುತ್ತಿರುವ ಕರೀಮ್ಸ್, ಬೆಳಗಿನ ನಿಹಾರಿ. ನಿಹಾರಿಗೆ ಬಳಸುವುದು ಮೊಣಕಾಲಿನ ಕೆಳಗಿನ ಮೀನಖಂಡ. ದಿನವಿಡೀ ನಡೆದಾಡಿದ ಸ್ನಾಯು, ಹಸಿಯಾಗಿದ್ದಾಗ ಚಾಕು ಕೂಡ ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಅದರ ನಾರಿನಲ್ಲಿರುವ ಕೊಲಾಜನ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದರೆ ಜೆಲಟಿನ್ ಆಗಿ ಸಾರಿಗೆ ಇಳಿಯುತ್ತೆ. ತುಟಿಗೆ ತುಟಿ ಅಂಟುವ ಆ ಜಿಗುಟು ಅದೇ. ನಹಾರ್ ಅಂದರೆ ಅರಬ್ಬಿಯಲ್ಲಿ ಹಗಲು; ರಾತ್ರಿ ಒಲೆಗೆ ಇಟ್ಟು ಬೆಳಿಗ್ಗೆ ಇಳಿಸುವ ಅಡುಗೆಗೆ ಅದೇ ಹೆಸರು ಬಂತು. ಖಮೀರಿ ರೊಟ್ಟಿ ಅದ್ದಿ ತಿನ್ನುವಾಗ ನಮ್ಮ ಮಿಲಿಟರಿ ಹೋಟೆಲಿನ ಕಾಲು ಸೂಪು, ಬಿಸಿ ಮುದ್ದೆ ನೆನಪಾಯಿತು. ಎರಡು ಊರಿನವರೂ ಬಗ್ಗದ ಕಾಲನ್ನು ತಾಳ್ಮೆಯಿಂದಲೇ ಬಗ್ಗಿಸಿದ್ದಾರೆ.

ಆದರೂ ನನ್ನ ಮನಸ್ಸು ನಿಂತದ್ದು ಶ್ರೀನಗರದಲ್ಲಿ.

ಏಪ್ರಿಲ್ ತಿಂಗಳು. ಒಂದು ಪತ್ರಿಕೆಯ ಪ್ರೆಸ್ಸಿನಲ್ಲಿ ನಾಲ್ಕು ದಿನದ ಕೆಲಸ. ಮೊದಲ ಸಂಜೆ ರೆಸಿಡೆನ್ಸಿ ರೋಡಿನ ಅಹ್ದೂಸ್‌ಗೆ ಹೋದೆ. 1918ರಲ್ಲಿ ಬೇಕರಿಯಾಗಿ ಶುರುವಾದ ಹಳೇ ಜಾಗ. ತಬಖ್ ಮಾಜ್ ತರಿಸಿದೆ. ಬಂದದ್ದು ಪಕ್ಕೆ! ನಮ್ಮ ಗುಡ್ಡೆಯಲ್ಲಿ ಯಾರೂ ತಿರುಗಿ ನೋಡದೆ ನೇರ ಎಸರಿಗೆ ಬೀಳುತ್ತಿದ್ದ ಪಕ್ಕೆ ಮೂಳೆ, ಅಂಗೈ ಅಗಲದ ಹಲಗೆಯಾಗಿ, ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದು ಕೂತಿತ್ತು. ಕಚ್ಚಿದರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯಿತು, ಕೆಳಗೆ ನೆಣ ಬೆಣ್ಣೆ, ಅದರ ಕೆಳಗೆ ಮೂಳೆಗೆ ಅಂಟಿದ ತೆಳ್ಳನೆಯ ಬಾಡು, ಕೊನೆಯಲ್ಲಿ ಸೋಂಪಿನ ವಾಸನೆ. ಖಾರದ ಪುಡಿ ಒಂದು ಚೂರೂ ಇಲ್ಲ. ಎರಡನೇ ತಟ್ಟೆಯನ್ನೂ ತರಿಸಿದೆ.

ಮೂರನೇ ದಿನ ಪ್ರೆಸ್ಸಿನ ಮಾಲೀಕರು ತಮ್ಮ ನೆಂಟರ ಮದುವೆಗೆ ಕರೆದುಕೊಂಡು ಹೋದರು. ಮನೆಯ ಹಿತ್ತಲಲ್ಲಿ ಉದ್ದಕ್ಕೆ ಸೌದೆ ಉರಿ, ಅದರ ಮೇಲೆ ಸಾಲಾಗಿ ಕಲಾಯಿ ಹಾಕಿದ ತಾಮ್ರದ ಪಾತ್ರೆ. ಒಂದು ಕಡೆ ವಾಜಾಗಳು, ಅಂದರೆ ಅಡುಗೆಯವರು, ಆಗಷ್ಟೇ ಕೊಯ್ದ ಕುರಿಯ ತೊಡೆ ಬಾಡನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟುತ್ತಿದ್ದರು, ಗುಷ್ತಾಬಾ ಉಂಡೆಗೆ. ನೆಣ ಸೇರಿಸಿ ಕುಟ್ಟಿ ಕುಟ್ಟಿ, ನಡುವೆ ಸಿಕ್ಕ ನಾರನ್ನು ಬೆರಳಲ್ಲಿ ಎಳೆದು ಆಚೆ ಹಾಕುತ್ತಿದ್ದರು. ಊಟಕ್ಕೆ ನಾಲ್ಕು ಜನಕ್ಕೆ ಒಂದು ತ್ರಾಮಿ, ದೊಡ್ಡ ತಾಮ್ರದ ಹರಿವಾಣ. ಅನ್ನದ ರಾಶಿಯ ಮೇಲೆ ಎಲ್ಲರಿಗೂ ಸಮವಾಗಿ ತುಂಡು ಜೋಡಿಸಿರುತ್ತಾರೆ. ಪರಿಚಯವಿಲ್ಲದ ಮೂವರ ಜೊತೆ ಒಂದೇ ಹರಿವಾಣಕ್ಕೆ ಕೈ ಹಾಕಿದಾಗ ನನಗೆ ತೆಂಗಿನ ಗರಿಯ ಮೇಲಿನ ಗುಡ್ಡೆಗಳು ಕಣ್ಣೆದುರು ಬಂದವು.

ಪಕ್ಕೆ ಬೇಯಿಸುತ್ತಿದ್ದ ವಯಸ್ಸಾದ ವಾಜಾ ಒಬ್ಬರ ಪಕ್ಕ ಅರ್ಧ ಗಂಟೆ ನಿಂತೆ. ಮೂಳೆ ಹಿಡಿದು ತಿರುಗಿಸಿ ತೋರಿಸಿದರು. ತಿರುಗಬೇಕು, ಕಳಚಬಾರದು. ಅಷ್ಟೇ ಗುಟ್ಟು ಅಂದರು.

ಊರಿಗೆ ಬಂದು ಮಾಡಿದ ಮೊದಲ ಸಲ ಆ ಗುಟ್ಟನ್ನು ನಾನೇ ಮುರಿದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದೆ. ಬಾಡು ಮೂಳೆ ಬಿಟ್ಟು ತೇಲಿತು, ಹುರಿಯಲು ಹಲಗೆಯೇ ಉಳಿಯಲಿಲ್ಲ. ಎರಡನೇ ಸಲ ಮಟನ್ ಅಂಗಡಿಯಿಂದಲೇ ಸರಿಯಾಗಿ ಶುರುಮಾಡಿದೆ. ಬನ್ನೂರು ಕುರಿ, ವರ್ಷ ತುಂಬದ್ದು. ಗಿಡ್ಡ ಕಾಲು, ಅಗಲ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದ ಹಾಗೆ ಕಾಣುವ ತಳಿ. ಅದರ ನೆಣ ಒಂದೇ ಕಡೆ ಗಟ್ಟಿಯಾಗಿ ನಿಲ್ಲದೆ ಬಾಡಿನ ನಡುವೆ ಹರಡಿರುವುದರಿಂದ ಪಕ್ಕೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. "ಭಾಯ್, ಪಕ್ಕೆ ಕೊಚ್ಚಬೇಡಿ, ಮೂರು ಮೂರು ಮೂಳೆ ಸೇರಿಸಿ ಹಲಗೆ ಥರ ಕೊಡಿ" ಅಂದೆ. ಸಾಮಾನ್ಯವಾಗಿ ಮಚ್ಚಿನಿಂದ ಪಟಪಟ ಹೊಡೆದು ಹಾಕುವವರು ಕೈ ತಡೆದು, ಸಣ್ಣ ಚಾಕು ತೆಗೆದು, ಮೂಳೆಯ ಸಂದು ನೋಡಿ ಇಳಿಸಿದರು. ಚೂರು ಮೂಳೆ ಬರಲಿಲ್ಲ.

ತೊಳೆದ ಪಕ್ಕೆಯನ್ನು ತೆರೆದ ಪಾತ್ರೆಯಲ್ಲಿ ತಣ್ಣೀರಿಗೆ ಹಾಕಿ ಕಾಯಿಸಿ, ಮೇಲೆ ಬಂದ ನೊರೆ ಪೂರ್ತಿ ತೆಗೆದೆ. ಆಮೇಲೆ ಅರಿಶಿನ, ಸೋಂಪಿನ ಪುಡಿ, ಒಣಶುಂಠಿ ಪುಡಿ, ಜಜ್ಜಿದ ಬೆಳ್ಳುಳ್ಳಿ, ಏಲಕ್ಕಿ, ಚಕ್ಕೆ, ಲವಂಗ, ಉಪ್ಪು. ನೀರು ಕುದಿದು ಕುಣಿಯಬಾರದು, ಅಲ್ಲಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು. ನಮ್ಮ ಒಲೆಯಲ್ಲಿ 50 ನಿಮಿಷಕ್ಕೆ ಮೂಳೆ ತಿರುಗಿತು, ಕಳಚಲಿಲ್ಲ. ತೆಗೆದು ಬಟ್ಟೆಯ ಮೇಲೆ ಒಂದು ಗಂಟೆ ಆರಲು ಬಿಟ್ಟೆ. ಈ ಆರಿಸುವುದನ್ನು ಬಿಟ್ಟರೆ ತುಪ್ಪ ಮುಖಕ್ಕೆ ಸಿಡಿಯುತ್ತೆ, ಮೇಲಿನ ಪದರ ಗರಿಗರಿಯೂ ಆಗುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ, ಮಧ್ಯಮ ಉರಿ, ನೆಣದ ಕಡೆ ಕೆಳಗೆ. ಬಣ್ಣ ಬರುವ ತನಕ ಅಲುಗಿಸಲಿಲ್ಲ.

ಬೆಂದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಕೊಲ್ಲಾಪುರದ ಅಕ್ಕನ ಅಳಣಿ ಅಲ್ಲವೇ ಅದು! ಧನಿಯ, ಕೊಬ್ಬರಿ, ಹುರಿಗಡಲೆ, ಒಣಮೆಣಸಿನಕಾಯಿ ರುಬ್ಬಿ, ಅಜ್ಜಿಯ ಲೆಕ್ಕದಲ್ಲೇ ಎಸರು ಮಾಡಿದೆ. ಸೋಂಪಿನ ವಾಸನೆ ಸ್ವಲ್ಪ ಮುಂದೆ ಬಂತು, ಅದಕ್ಕೆ ಈಗ ಸೋಂಪು ಅರ್ಧ ಹಾಕುತ್ತೇನೆ. ಮುದ್ದೆ, ಎಸರು, ಪಕ್ಕದಲ್ಲಿ ಹುರಿದ ಪಕ್ಕೆ. ಅಮ್ಮ ಒಂದು ತುಂಡು ಕೈಗೆತ್ತಿಕೊಂಡು ಮೂಳೆ ಬೆಳ್ಳಗಾಗುವ ತನಕ ಮಾತಾಡಲಿಲ್ಲ. ಆಮೇಲೆ "ನಿಮ್ಮಜ್ಜಿ ಇದ್ದಿದ್ರೆ ಪಕ್ಕೆ ಮಡಕೆಗೆ ಹಾಕ್ತಿರ್ಲಿಲ್ಲ ಕಣ್ ಮಗ" ಅಂದಳು, ತಟ್ಟೆ ಮುಂದಕ್ಕೆ ಸರಿಸಿದಳು.

ನಮ್ಮ ಬೀದಿಯಲ್ಲಿ ಗುಡ್ಡೆ ಈಗಲೂ ಬೀಳುತ್ತೆ. ಹೊಸತೊಡಕಿನ ಬೆಳಿಗ್ಗೆ ನಮ್ಮ ಪಾಲಿನ ತೊಡೆ ತುಂಡುಗಳನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಪಕ್ಕದ ಮೂರು ಮನೆಗೆ ಹೋಗಿ, ಅವರ ಪಕ್ಕೆಗೆ ಬದಲಾಯಿಸಿಕೊಂಡು ಬರುತ್ತೇನೆ. ಎರಡು ವರ್ಷ ಎಲ್ಲರೂ ಸಂತೋಷದಿಂದ ಕೊಟ್ಟರು. ಈ ಸಲ ಮೂರನೇ ಮನೆಯ ಚಿಕ್ಕಮ್ಮ ಮಾತ್ರ ಡಬ್ಬಿ ನೋಡಿ ತಲೆಯಾಡಿಸಿ, "ಪಕ್ಕೆ ಕೊಡಲ್ಲ ಕಣಪ್ಪ, ಹೋದ್ಸಲ ನೀನು ಕಳ್ಸಿದ್ದನ್ನ ತಿಂದಾಗಿಂದ ನಮ್ಮನೇಲೂ ಅದನ್ನೇ ಕೇಳ್ತವ್ರೆ. ಒಳಗ್ ಬಾ, ಎಷ್ಟೊತ್ತು ಬೇಯಿಸ್ಬೇಕು ಹೇಳು" ಅಂದರು.